ಮೂರು ಫಸ್ಟ್ ರೌಂಡ್ ಪಿಕ್ ಎಲ್ಲಿಗೆ ಹೋದ್ವು: ಲ್ಯಾನ್ಸ್, ಪರ್ಡಿ ಮತ್ತೆ ನೈನರ್ಸ್ ಟೀಮ್ ಕಟ್ಟಿದ ಕತೆ

2021ರ ಮಾರ್ಚ್ 26ಕ್ಕೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ (ನೈನರ್ಸ್) ಮಯಾಮಿ ಡಾಲ್ಫಿನ್ಸ್ ಜೊತೆ ಒಂದು ಟ್ರೇಡ್ ಮಾಡ್ಕೊಂಡ್ರು. ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದ್ರೆ ಕಾಲೇಜ್ ಹುಡುಗರನ್ನ ಆರಿಸ್ಕೊಳ್ಳೋ ಸರದೀಲಿ, 12ನೇ ಜಾಗದಲ್ಲಿದ್ದ ಟೀಮು 3ನೇ ಜಾಗಕ್ಕೆ ಏರೋಕೆ ಅಂತ ಆ 12ನೇ ಪಿಕ್ ಕೊಡ್ತು, 2022ರ ಫಸ್ಟ್ ರೌಂಡ್ ಕೊಡ್ತು, 2023ರ ಫಸ್ಟ್ ರೌಂಡೂ ಕೊಡ್ತು, ಅದರ ಮೇಲೆ 2022ರದ್ದೇ ಒಂದು ಥರ್ಡ್ ರೌಂಡ್ ಪಿಕ್ ಬೇರೆ. ಒಂದು ತಿಂಗಳಾದ್ಮೇಲೆ ಆ 3ನೇ ಪಿಕ್‌ನಲ್ಲಿ ನಾರ್ತ್ ಡಕೋಟಾ ಸ್ಟೇಟ್‌ನ ಟ್ರೇ ಲ್ಯಾನ್ಸ್ ಅನ್ನೋ 20 ವರ್ಷದ ಹುಡುಗನ್ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸೋನು) ಆಗಿ ತಗೊಂಡ್ರು. ಅವ್ನು ನೈನರ್ಸ್‌ಗೆ ಸ್ಟಾರ್ಟ್ ಮಾಡಿದ್ದು ಒಟ್ಟು ನಾಲ್ಕೇ ಮ್ಯಾಚ್, ಎಸೆದಿದ್ದು 102 ಪಾಸ್. 2023ರ ಆಗಸ್ಟ್‌ನಲ್ಲಿ ಡಲ್ಲಾಸ್ ಕೌಬಾಯ್ಸ್‌ಗೆ ಅವನನ್ನ ಒಂದು ಫೋರ್ತ್ ರೌಂಡ್ ಪಿಕ್‌ಗೆ ಕೊಟ್ಟುಬಿಟ್ರು.

ನೈನರ್ಸ್‌ನ ಲೆವೈಸ್ ಸ್ಟೇಡಿಯಂ ಇರೋದು ಸ್ಯಾಂಟಾ ಕ್ಲಾರಾದಲ್ಲಿ, ಅದರ ಸುತ್ತಮುತ್ತ ಸನ್ನಿವೇಲ್, ಸ್ಯಾನ್ ಹೋಸೆ ಕಡೆಯೆಲ್ಲ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಅವರಲ್ಲಿ ನನ್ನ ಥರ ನೈನರ್ಸ್ ಹುಚ್ಚು ಹತ್ತಿಸ್ಕೊಂಡವರೂ ಇದ್ದಾರೆ. ನಮ್ಮಲ್ಲಿ ಈ ಟ್ರೇಡ್ ಬಗ್ಗೆ ಎರಡು ವಾದ ಓಡ್ತಿರುತ್ತೆ. ಒಂದು, ಲ್ಯಾನ್ಸ್ ಆಟಗಾರನೇ ಅಲ್ಲ, ಕಣ್ಣು ಮುಚ್ಕೊಂಡು ತಗೊಂಡ್ರು ಅನ್ನೋದು. ಇನ್ನೊಂದು, ಮರುವರ್ಷ ಕಟ್ಟಕಡೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಸಿಕ್ಕಿದ್ನಲ್ಲ, ಅಲ್ಲಿಗೆ ಲೆಕ್ಕ ಚುಕ್ತಾ ಆಯ್ತು ಅನ್ನೋದು. ನಂಗೆ ಎರಡೂ ಒಪ್ಪಿಗೆ ಆಗಲ್ಲ. ತಪ್ಪಾಗಿದ್ದು ಹುಡುಗನ್ನ ಅಳೆಯೋದ್ರಲ್ಲಿ ಅಲ್ಲ, ಆಡಿ ಆಡಿ ಕಲಿಬೇಕಾದ ಹುಡುಗನ್ನ ಒಂದು ಮ್ಯಾಚ್ ಕೂಡ ಕಳ್ಕೊಳ್ಳೋ ಸ್ಥಿತೀಲಿ ಇಲ್ಲದ ಟೀಮಿಗೆ ತಂದಿದ್ರಲ್ಲಿ. ಲೆಕ್ಕ ಅಂತೂ ಚುಕ್ತಾ ಆಗಿಲ್ಲ, ಆ ಬಿಲ್ ಬಂದಿದ್ದು ಕ್ವಾರ್ಟರ್‌ಬ್ಯಾಕ್‌ನ ಕಾಯೋ ಆಫೆನ್ಸಿವ್ ಲೈನ್‌ನ ಬಲಗಡೆ, ಅದೂ ಲೀಗಿನ ಫೈನಲ್ ಆದ ಸೂಪರ್ ಬೌಲ್ ಓವರ್‌ಟೈಮ್‌ನಲ್ಲಿ.

ಎನ್‌ಎಫ್‌ಎಲ್ ಅಷ್ಟಾಗಿ ನೋಡದವರಿಗೆ ಒಂದೆರಡು ಮಾತು. ಡ್ರಾಫ್ಟ್ ಅಂದ್ರೆ ಐಪಿಎಲ್ ಹರಾಜಿನ ಥರ ಅಲ್ಲ, ಇಲ್ಲಿ ದುಡ್ಡು ಕೂಗೋ ಹಾಗಿಲ್ಲ, 32 ಟೀಮು ಸರದಿ ಪ್ರಕಾರ ಕಾಲೇಜ್ ಹುಡುಗರನ್ನ ಆರಿಸ್ಕೋಬೇಕು, ಹಿಂದಿನ ಸೀಸನ್‌ನಲ್ಲಿ ಯಾರು ಕೆಟ್ಟದಾಗಿ ಆಡಿದ್ರೋ ಅವರಿಗೆ ಮೊದಲ ಸರದಿ, ಒಟ್ಟು ಏಳು ರೌಂಡು. ಸರದಿಯನ್ನ ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷದ ಸರದಿಯನ್ನೂ ಈಗಲೇ ಕೊಟ್ಟುಬಿಡಬಹುದು. 2011ರಿಂದ ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಿನ ಅಳತೆ ಇದೆ, ಡ್ರಾಫ್ಟ್ ಆದವನಿಗೆ ನಾಲ್ಕು ವರ್ಷದ ಕಾಂಟ್ರಾಕ್ಟು, ಎಷ್ಟನೇ ಪಿಕ್ ಅನ್ನೋದರ ಮೇಲೆ ದುಡ್ಡು ನಿಗದಿ. ಇನ್ನು ಎಲ್ಲಾ ಟೀಮಿಗೂ ಒಂದೇ ಸ್ಯಾಲರಿ ಕ್ಯಾಪು (ಸಂಬಳದ ಮಿತಿ), 2021ರಲ್ಲಿ ಅದು 18.25 ಕೋಟಿ ಡಾಲರ್. ಹಾಗಾಗಿ ಒಳ್ಳೆ ಕ್ವಾರ್ಟರ್‌ಬ್ಯಾಕ್ ಒಬ್ಬ ಹೊಸಬರ ಸಂಬಳದಲ್ಲಿ ಸಿಕ್ಕಿದ್ರೆ ಉಳಿದ ದುಡ್ಡಲ್ಲಿ ಮಿಕ್ಕ ಟೀಮನ್ನ ಭರ್ಜರಿಯಾಗಿ ಕಟ್ಟಬಹುದು. ಎಲ್ಲರೂ ಈ ಅಗ್ಗದ ನಾಲ್ಕು ವರ್ಷದ ಕಿಟಕಿಗೋಸ್ಕರ ಒದ್ದಾಡೋದು, ನೈನರ್ಸ್ ಕೂಡ.

ಗರೊಪೊಲೊ ಇದ್ದೂ ಇನ್ನೊಬ್ಬ ಯಾಕೆ ಬೇಕಾಯ್ತು

ಕೈಲ್ ಶಾನಹಾನ್ ಕೋಚ್ ಆಗಿ, ಜಾನ್ ಲಿಂಚ್ ಜನರಲ್ ಮ್ಯಾನೇಜರ್ ಆಗಿ ಇಬ್ಬರೂ ಒಟ್ಟಿಗೇ ಬಂದಿದ್ದು 2017ರಲ್ಲಿ. ಮೊದಲನೇ ಡ್ರಾಫ್ಟ್‌ನಲ್ಲೇ ಅವರ ಕೈಲಿ 2ನೇ ಪಿಕ್ ಇತ್ತು, ಚಿಕಾಗೋ ಬೇರ್ಸ್‌ಗೆ ಕೊಟ್ಟು ಒಂದು ಜಾಗ ಇಳಿದು 3ನೇ ಪಿಕ್‌ನಲ್ಲಿ ಡಿಫೆನ್ಸ್‌ನ ಸಾಲೊಮನ್ ಥಾಮಸ್‌ನ ತಗೊಂಡ್ರು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ 10ನೇ ಪಿಕ್‌ಗೆ ಕ್ಯಾನ್ಸಸ್ ಸಿಟಿಗೆ ಹೋದ. ಆ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್‌ಗೆ ಒಂದು ಸೆಕೆಂಡ್ ರೌಂಡ್ ಪಿಕ್ ಕೊಟ್ಟು ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರೊಪೊಲೊನ ತಂದ್ರು, 2018ರಲ್ಲಿ ಐದು ವರ್ಷಕ್ಕೆ 13.75 ಕೋಟಿ ಡಾಲರ್ ಸಹಿ ಹಾಕಿದ್ರು. ಅದೇ ಸೀಸನ್ನಿನ ಮೂರನೇ ಮ್ಯಾಚ್‌ನಲ್ಲಿ ಅವನ ಮೊಣಕಾಲು ಹೋಯ್ತು. 2019ರಲ್ಲಿ ಪೂರ್ತಿ ಆಡಿ ಸೂಪರ್ ಬೌಲ್‌ವರೆಗೆ ಬಂದ.

ಕ್ಯಾನ್ಸಸ್ ಸಿಟಿ ವಿರುದ್ಧದ ಆ ಸೂಪರ್ ಬೌಲ್ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ನಾಲ್ಕನೇ ಕ್ವಾರ್ಟರ್‌ನಲ್ಲಿ 20-10 ಮುಂದೆ ಇದ್ವಿ, ಮಹೋಮ್ಸ್ ಥರ್ಡ್ ಅಂಡ್ 15ರಲ್ಲಿ (ನಾಲ್ಕು ಪ್ರಯತ್ನ, ಅಂದ್ರೆ ಡೌನ್‌ನಲ್ಲಿ ಮೂರನೇದು, ಇನ್ನೂ 15 ಗಜ ಬೇಕು) ಟೈರೀಕ್ ಹಿಲ್‌ಗೆ 44 ಗಜದ ಪಾಸ್ ಹಾಕಿ ಮ್ಯಾಚನ್ನ ತಿರುಗಿಸಿದ, 24-20 ಆದ್ಮೇಲೆ ಕೊನೇ ಎರಡು ನಿಮಿಷದ ಒಳಗೆ ಎಮ್ಯಾನುಯೆಲ್ ಸ್ಯಾಂಡರ್ಸ್ ಡಿಫೆನ್ಸ್‌ನೆಲ್ಲ ಹಿಂದೆ ಹಾಕಿ ಓಡ್ತಿದ್ದ, ಗರೊಪೊಲೊ ಎಸೆದ ಚೆಂಡು ಅವನ ಕೈ ದಾಟಿ ಮುಂದೆ ಬಿತ್ತು. 31-20 ಸೋಲು. ಈ ಹೆಸರು ಹಿಲ್ ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

2020ರಲ್ಲಿ ಗರೊಪೊಲೊ ಕಾಲಿಗೆ ಪೆಟ್ಟು ಮಾಡ್ಕೊಂಡು ಆಡಿದ್ದು ಆರೇ ಮ್ಯಾಚು, ಟೀಮಿಗೆ 6 ಗೆಲುವು, 10 ಸೋಲು ಆಯ್ತು, ಅದಕ್ಕೇ 12ನೇ ಪಿಕ್ ಬಂದಿದ್ದು. ಸಾಮಾನ್ಯವಾಗಿ 12ನೇ ಪಿಕ್ ಬರೋದು ಸೊರಗಿರೋ ಟೀಮಿಗೆ, ಇವರು ಸೊರಗಿರಲಿಲ್ಲ. ನಿಕ್ ಬೋಸಾ, ಫ್ರೆಡ್ ವಾರ್ನರ್, ಜಾರ್ಜ್ ಕಿಟಲ್, ಡೀಬೋ ಸ್ಯಾಮ್ಯುಯೆಲ್, ಬ್ರ್ಯಾಂಡನ್ ಅಯೂಕ್, ಆಫೆನ್ಸಿವ್ ಲೈನ್‌ನ ಎಡತುದಿ ಅಂದ್ರೆ ಲೆಫ್ಟ್ ಟ್ಯಾಕಲ್‌ನಲ್ಲಿ ಟ್ರೆಂಟ್ ವಿಲಿಯಮ್ಸ್, ಇಷ್ಟು ಜನ ಇರೋ ಟೀಮು ಮುಂದಿನ ವರ್ಷವೇ ಕಪ್ ಹೊಡಿಬೇಕು ಅಂತ ಕಟ್ಟಿರೋದು. ಗರೊಪೊಲೊ ಮೇಲೆ ಭರವಸೆ ಹೋಗಿತ್ತು, ಅದನ್ನ ನಾನು ತಪ್ಪು ಅನ್ನಲ್ಲ, ಹೋಗಬೇಕಾದ್ದೇ.

ಆದ್ರೆ ಇಂಥಾ ಟೀಮು ಏನು ಕೊಳ್ಳಬೇಕು ಅನ್ನೋದು ಪ್ರಶ್ನೆ. ಇದೇ ಡಿವಿಷನ್‌ನ ಲಾಸ್ ಏಂಜಲೀಸ್ ರ‍್ಯಾಮ್ಸ್ ಎರಡು ತಿಂಗಳ ಹಿಂದೆ, 2021ರ ಜನವರಿ ಕೊನೇಲಿ, ತಮ್ಮ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್ ಜೊತೆಗೆ ಎರಡು ಫಸ್ಟ್ ರೌಂಡು, ಒಂದು ಥರ್ಡ್ ರೌಂಡು ಕೊಟ್ಟು ಡೆಟ್ರಾಯಿಟ್‌ನಿಂದ ಮ್ಯಾಥ್ಯೂ ಸ್ಟಾಫರ್ಡ್‌ನ ಮಾತಾಡ್ಕೊಂಡ್ರು. ಹತ್ರ ಹತ್ರ ಅಷ್ಟೇ ಬೆಲೆ. ಅವರು ಕೊಂಡಿದ್ದು ಪಳಗಿದವನ್ನ, ನಾವು ಕೊಂಡಿದ್ದು ಪಳಗಬೇಕಾದವನ್ನ. ಅದೇ ಸೀಸನ್‌ನಲ್ಲಿ ರ‍್ಯಾಮ್ಸ್ ಕಪ್ ಗೆದ್ರು, ಗೆಲ್ಲೋ ದಾರೀಲಿ 2022ರ ಜನವರಿ 30ಕ್ಕೆ ಎನ್‌ಎಫ್‌ಸಿ ಫೈನಲ್‌ನಲ್ಲಿ (ಸೂಪರ್ ಬೌಲ್‌ಗೆ ಮುಂಚಿನ ಮ್ಯಾಚು) ಸೋಲಿಸಿದ್ದು ನಮ್ಮನ್ನೇ, 20-17. ನಾಲ್ಕನೇ ಕ್ವಾರ್ಟರ್ ಶುರು ಆದಾಗ ಹತ್ತು ಪಾಯಿಂಟ್ ಮುಂದೆ ಇದ್ವಿ. ಆ ಮ್ಯಾಚ್‌ನ ಕೊನೇ ಪಾಸ್ ಗರೊಪೊಲೊದು, ಇಂಟರ್ಸೆಪ್ಷನ್, ಅಂದ್ರೆ ಚೆಂಡು ಎದುರಾಳಿ ಕೈಗೆ ಸಿಕ್ತು. ಲ್ಯಾನ್ಸ್ ಬೆಂಚಲ್ಲಿದ್ದ. ನೋಡಿ, ಇಡೀ ಪ್ರಕರಣ ಈ ಒಂದು ಮ್ಯಾಚಲ್ಲೇ ಇದೆ.

318 ಪಾಸ್

ಲ್ಯಾನ್ಸ್ ಕಾಲೇಜಲ್ಲಿ ಒಂದೇ ಒಂದು ಪೂರ್ತಿ ಸೀಸನ್ ಆಡಿದ್ದು, 2019. ಏನ್ ಸೀಸನ್ ಅಂತೀರಿ, 16ಕ್ಕೆ 16 ಗೆಲುವು, 28 ಟಚ್‌ಡೌನ್ (ಮೈದಾನದ ತುದಿಯ ಎಂಡ್ ಜೋನ್‌ಗೆ ಚೆಂಡು ಮುಟ್ಟಿಸೋದು) ಪಾಸು, ಒಂದೂ ಇಂಟರ್ಸೆಪ್ಷನ್ ಇಲ್ಲ, ಅದರ ಮೇಲೆ ಕಾಲಲ್ಲಿ ಓಡಿ ಸಾವಿರ ಗಜದ ಮೇಲೆ. ಆದ್ರೆ ಅದು ಎಫ್‌ಸಿಎಸ್, ಎರಡನೇ ಹಂತದ ಲೀಗು, ಅಲ್ಲಿ ನಾರ್ತ್ ಡಕೋಟಾ ಸ್ಟೇಟ್ ಉಳಿದವರಿಗಿಂತ ಎಷ್ಟೋ ಬಲಶಾಲಿ. 2020ರಲ್ಲಿ ಕೋವಿಡ್ ಬಂದು ಆಡಿದ್ದು ಒಂದೇ ಮ್ಯಾಚು. ಇಡೀ ಕಾಲೇಜ್ ಜೀವನದಲ್ಲಿ ಅವ್ನು ಎಸೆದಿದ್ದು 318 ಪಾಸು. ಮಹೋಮ್ಸ್ ಟೆಕ್ಸಸ್ ಟೆಕ್‌ನಲ್ಲಿ 1,300ಕ್ಕೂ ಜಾಸ್ತಿ ಎಸೆದು ಬಂದಿದ್ದ, ಹಂಗಿದ್ದೂ ಕ್ಯಾನ್ಸಸ್ ಸಿಟಿಯವರು ಅವನನ್ನ ಅಲೆಕ್ಸ್ ಸ್ಮಿತ್ ಹಿಂದೆ ಹೆಚ್ಚುಕಮ್ಮಿ ಒಂದು ವರ್ಷ ಕೂರಿಸಿದ್ರು, ಅವನಿಗೋಸ್ಕರ ಏರಿದ್ದಕ್ಕೆ ಅವರು ಎಕ್ಸ್‌ಟ್ರಾ ಕೊಟ್ಟಿದ್ದು ಒಂದು ಫಸ್ಟ್ ರೌಂಡು, ಒಂದು ಥರ್ಡ್ ರೌಂಡು. ನಾವು ಎರಡು ಎಕ್ಸ್‌ಟ್ರಾ ಫಸ್ಟ್ ರೌಂಡ್ ಕೊಟ್ವಿ, ನಾಲ್ಕರಲ್ಲಿ ಒಂದು ಭಾಗದಷ್ಟು ಪಾಸ್ ಎಸೆದ ಹುಡುಗನಿಗೆ.

ಹುಡುಗನಲ್ಲಿ ಗುಣ ಇರಲಿಲ್ಲ ಅಂತ ಅಲ್ಲ. ತೋಳಲ್ಲಿ ಜೋರಿತ್ತು, ಕಾಲಲ್ಲಿ ಬಲ ಇತ್ತು, ನಡವಳಿಕೆ ಚಿನ್ನದಂಥದ್ದು, ಕೊನೇವರೆಗೂ ಯಾರ ಬಗ್ಗೆನೂ ಒಂದು ಕಹಿ ಮಾತು ಆಡಲಿಲ್ಲ. ಶಾನಹಾನ್‌ಗೆ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಇದ್ರೆ ಡಿಫೆನ್ಸ್‌ನವರು ಒಬ್ಬನ್ನ ಜಾಸ್ತಿ ಎಣಿಸಬೇಕಾಗುತ್ತೆ ಅನ್ನೋ ಲೆಕ್ಕ ಇತ್ತು, ಅದು ಸರಿಯಾದ ಲೆಕ್ಕವೇ. ಆದ್ರೆ ಕ್ವಾರ್ಟರ್‌ಬ್ಯಾಕ್ ಕೆಲಸ ಅಂದ್ರೆ ಎರಡೂವರೆ ಸೆಕೆಂಡಲ್ಲಿ ಎದುರಿಗಿರೋ ಹನ್ನೊಂದು ಜನ ಏನು ಮಾಡ್ತಿದ್ದಾರೆ ಅಂತ ಓದಿ, ಯಾರು ಖಾಲಿ ಆಗ್ತಾನೆ ಅನ್ನೋದು ಅವನು ಖಾಲಿ ಆಗೋ ಮುಂಚೆನೇ ಗೊತ್ತಾಗಿ, ಚೆಂಡು ಬಿಡಬೇಕು. ಇದು ವಿಡಿಯೋ ನೋಡಿ ಬರಲ್ಲ, ಪ್ರಾಕ್ಟೀಸಲ್ಲೂ ಪೂರ್ತಿ ಬರಲ್ಲ, ಯಾಕಂದ್ರೆ ಪ್ರಾಕ್ಟೀಸಲ್ಲಿ ಕ್ವಾರ್ಟರ್‌ಬ್ಯಾಕ್‌ನ ಯಾರೂ ಹೊಡೆಯಲ್ಲ. ಮ್ಯಾಚ್ ಆಡಿದ್ರೇ ಬರೋದು, ಕೆಟ್ಟದಾಗಿ ಆಡಿದ ಮ್ಯಾಚುಗಳಿಂದಲೇ ಜಾಸ್ತಿ ಬರೋದು.

ಆ ಕೆಟ್ಟ ಮ್ಯಾಚುಗಳನ್ನ ಕೊಡೋಕೆ ಶಾನಹಾನ್ ಹತ್ರ ಜಾಗ ಇರಲಿಲ್ಲ. 2021ರ ಪ್ರೀಸೀಸನ್‌ನಲ್ಲೇ ಹುಡುಗನ ಬೆರಳಿಗೆ ಪೆಟ್ಟಾಯ್ತು. ಅಕ್ಟೋಬರ್‌ನಲ್ಲಿ ಅರಿಜೋನಾ ವಿರುದ್ಧ ಮೊದಲ ಸ್ಟಾರ್ಟ್, 16 ಸಲ ಓಡಿಸಿದ್ರು, 89 ಗಜ ಬಂತು, ಮ್ಯಾಚ್ 17-10 ಸೋತು ಮೊಣಕಾಲೂ ಉಳುಕಿಸ್ಕೊಂಡ. ಕೊನೇಲಿ ಹ್ಯೂಸ್ಟನ್ ವಿರುದ್ಧ ಒಂದು ಗೆದ್ದ. 2022ರಲ್ಲಿ ನೀನೇ ಸ್ಟಾರ್ಟರ್ ಅಂದ್ರು, ಮೊದಲ ಮ್ಯಾಚ್ ಚಿಕಾಗೋದಲ್ಲಿ ಧೋ ಅನ್ನೋ ಮಳೆ, ಮೈದಾನದಲ್ಲಿ ನೀರು ನಿಂತಿತ್ತು, 19-10 ಸೋಲು. ಎರಡನೇ ಮ್ಯಾಚ್ ಸಿಯಾಟಲ್ ವಿರುದ್ಧ ಲೆವೈಸ್‌ನಲ್ಲಿ, ಮೊದಲ ಕ್ವಾರ್ಟರ್‌ನಲ್ಲೇ ಮತ್ತೆ ಮಧ್ಯದಲ್ಲಿ ನುಗ್ಗಿಸಿದ್ರು, ಬಲಗಾಲಿನ ಪಾದದ ಗಂಟು ಮುರೀತು. ಪಾಸ್ ಹಾಕೋಕೆ ಕಲೀಬೇಕಾದ ಹುಡುಗನ್ನ ರನ್ನಿಂಗ್ ಬ್ಯಾಕ್ ಥರ ಗುಂಪಿನೊಳಗೆ ಓಡಿಸಿದ್ದು ನಂಗೆ ಆವತ್ತೂ ಸರಿ ಕಾಣಲಿಲ್ಲ, ಇವತ್ತೂ ಕಾಣಲ್ಲ. ಅವ್ನು ಪಾಸಲ್ಲಿ ಇನ್ನೂ ಪಳಗಿಲ್ಲ ಅಂತ ಕೋಚ್‌ಗೆ ಗೊತ್ತಿದ್ದಕ್ಕೇ ಓಡಿಸ್ತಿದ್ರು, ಓಡಿಸಿದ್ದಕ್ಕೇ ಮುರೀತು.

ಕೊಟ್ಟ ಪಿಕ್‌ಗಳ ಜಾಡು

ಈಗ ಬನ್ನಿ ನಿಜವಾದ ವಿಷಯಕ್ಕೆ. ಪಿಕ್ ಕೊಟ್ಟಾಗ ಕಾಗದದ ಮೇಲೆ ಬರೀ ನಂಬರ್ ಥರ ಕಾಣುತ್ತೆ, ಅದರ ಹಿಂದೆ ಯಾವ ಮನುಷ್ಯ ಬಂದ ಅಂತ ಹಿಡ್ಕೊಂಡು ಹೋದ್ರೆ ಗೊತ್ತಾಗೋದು.

ನಮ್ಮ 12ನೇ ಪಿಕ್ ಮಯಾಮಿ ಕೈಗೆ ಹೋಯ್ತು. ಅವರು ಅದೇ ದಿನ ಅದನ್ನ, ಜೊತೆಗೆ ತಮ್ಮದೇ 2022ರ ಫಸ್ಟ್ ರೌಂಡನ್ನ ಫಿಲಡೆಲ್ಫಿಯಾ ಈಗಲ್ಸ್‌ಗೆ ಕೊಟ್ಟು 6ನೇ ಜಾಗಕ್ಕೆ ಏರಿ ಜೇಲನ್ ವಾಡಲ್‌ನ ತಗೊಂಡ್ರು. ಈಗಲ್ಸ್ ಡ್ರಾಫ್ಟ್ ದಿನ ಆ 12ನ್ನ ಡಲ್ಲಾಸ್‌ಗೆ ಕೊಟ್ಟು, ಮೇಲೊಂದು ಥರ್ಡ್ ರೌಂಡ್ ಇಟ್ಟು, 10ಕ್ಕೆ ಏರಿ ಡೆವಾಂಟಾ ಸ್ಮಿತ್‌ನ ತಗೊಂಡ್ರು. ಡಲ್ಲಾಸ್ ಆ 12ರಲ್ಲಿ ಯಾರನ್ನ ತಗೊಂಡ್ರು ಅಂದ್ರೆ, ಬೋಸಾ ಥರಾನೇ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋ ಮೈಕಾ ಪಾರ್ಸನ್ಸ್‌ನ. ಅಂದ್ರೆ ನೈನರ್ಸ್ ಅಲುಗಾಡದೆ ತಮ್ಮ ಜಾಗದಲ್ಲೇ ಕೂತಿದ್ರೆ, ಬೋಸಾ ಒಂದು ಕಡೆ ಪಾರ್ಸನ್ಸ್ ಇನ್ನೊಂದು ಕಡೆ. ಅವರು ಕೂತಿದ್ರೂ ಪಾರ್ಸನ್ಸ್‌ನೇ ತಗೊಳ್ತಿದ್ರು ಅಂತ ಹೇಳೋಕಾಗಲ್ಲ, ಆದ್ರೆ ಆ ಜಾಗದಲ್ಲಿ ಅಂಥವನು ಸಿಗ್ತಿದ್ದ ಅನ್ನೋದಂತೂ ದಾಖಲೆ. 15ನೇ ಪಿಕ್‌ನಲ್ಲಿ ಮ್ಯಾಕ್ ಜೋನ್ಸ್ ಕೂಡ ಇದ್ದ, ಶಾನಹಾನ್‌ಗೆ ಅವನೇ ಇಷ್ಟ ಅಂತ ಆಗ ಎಲ್ಲಾ ಕಡೆ ಸುದ್ದಿ ಓಡ್ತಿತ್ತು, 12ರಲ್ಲೇ ಕೂತು ಅವನನ್ನೂ ತಗೋಬಹುದಿತ್ತು.

2022ರ ನಮ್ಮ ಫಸ್ಟ್ ರೌಂಡು 29ನೇ ಪಿಕ್ ಆಯ್ತು. ಮಯಾಮಿ ಅದನ್ನ ಇನ್ನೊಂದಿಷ್ಟು ಪಿಕ್ ಜೊತೆ ಕ್ಯಾನ್ಸಸ್ ಸಿಟಿಗೆ ಕೊಟ್ಟು ಟೈರೀಕ್ ಹಿಲ್‌ನ ತಂತು, ಅದೇ ಹಿಲ್. ಕ್ಯಾನ್ಸಸ್ ಸಿಟಿ ಆ 29ಕ್ಕೆ ಇನ್ನೆರಡು ಪಿಕ್ ಸೇರಿಸಿ ನ್ಯೂ ಇಂಗ್ಲೆಂಡ್ ಜೊತೆ ಬದಲಾಯಿಸ್ಕೊಂಡು 21ಕ್ಕೆ ಏರಿ ಟ್ರೆಂಟ್ ಮೆಕ್‌ಡಫಿ ಅನ್ನೋ ಕಾರ್ನರ್‌ಬ್ಯಾಕ್‌ನ ತಗೊಂಡ್ರು. ಈ ಹೆಸರೂ ಇರಲಿ. 2023ರ ಫಸ್ಟ್ ರೌಂಡ್ ಮತ್ತೆ 29ನೇದೇ ಆಯ್ತು, ಅದನ್ನ ಮಯಾಮಿ 2022ರ ನವೆಂಬರ್‌ನಲ್ಲೇ ಡೆನ್ವರ್‌ಗೆ ಕೊಟ್ಟು ಬ್ರಾಡ್ಲಿ ಚಬ್‌ನ ತಂದಿತ್ತು.

ನಮ್ಮ ಕಡೆ ಏನಾಯ್ತು? 2022ರಲ್ಲಿ ನಮ್ಮ ಮೊದಲ ಸರದಿ ಬಂದಿದ್ದು 61ಕ್ಕೆ, 2023ರಲ್ಲಿ 87ಕ್ಕೆ. ಈ ಟೀಮು ಕೆಳಗಿನ ರೌಂಡ್‌ಗಳಲ್ಲಿ ಚಿನ್ನ ಹುಡುಕೋದ್ರಲ್ಲಿ ಎತ್ತಿದ ಕೈ, ಕಿಟಲ್ ಐದನೇ ರೌಂಡು, ಡ್ರೆ ಗ್ರೀನ್‌ಲಾ ಐದನೇ ರೌಂಡು, ಟಲನೋವಾ ಹುಫಂಗಾ ಐದನೇ ರೌಂಡು, ವಾರ್ನರ್ ಮೂರನೇದು. ಮೇಲ್ತುದೀಲಿ ಪಿಕ್ ಸಿಕ್ಕಿದಾಗ ಮಾತ್ರ ಸಾಲೊಮನ್ ಥಾಮಸ್, ಲ್ಯಾನ್ಸ್. ಬೋಸಾ ಒಬ್ಬ ಬೇರೆ ಮಾತು. ತನ್ನ ಕೈ ಎಲ್ಲಿ ಪಳಗಿದೆ ಅಂತ ಗೊತ್ತಿರೋ ಆಫೀಸು ಮೂರು ವರ್ಷದ ಫಸ್ಟ್ ರೌಂಡನ್ನ ಒಬ್ಬನ ತಲೆ ಮೇಲೆ ಇಡಬಾರದಿತ್ತು.

ಪರ್ಡಿ ಬಂದ ಭಾನುವಾರ

2022ರ ಡ್ರಾಫ್ಟ್‌ನ ಕಟ್ಟಕಡೇ ಪಿಕ್ 262, ಕೊನೇ ಪಿಕ್ ಆದವನಿಗೆ ಅಮೆರಿಕದಲ್ಲಿ ಮಿಸ್ಟರ್ ಇರ‍್ರೆಲೆವೆಂಟ್ ಅಂತ ಹೆಸರಿಡ್ತಾರೆ. ಅದು ಐಯೋವಾ ಸ್ಟೇಟ್‌ನ ಬ್ರಾಕ್ ಪರ್ಡಿ. ಎತ್ತರ ಕಮ್ಮಿ, ತೋಳು ಸಾಧಾರಣ ಅಂತ ಎಲ್ಲರೂ ಬಿಟ್ಟಿದ್ರು. ಯಾರೂ ಸರಿಯಾಗಿ ತೂಗದೇ ಇದ್ದಿದ್ದು ಇದು: ಅವ್ನು ನಾಲ್ಕು ವರ್ಷ ದೊಡ್ಡ ಲೀಗಲ್ಲಿ ಸ್ಟಾರ್ಟರ್, 1,400ಕ್ಕೂ ಜಾಸ್ತಿ ಪಾಸ್ ಎಸೆದಿದ್ದಾನೆ. ವಯಸ್ಸಲ್ಲಿ ಲ್ಯಾನ್ಸ್‌ಗಿಂತ ಬರೀ ನಾಲ್ಕೈದು ತಿಂಗಳು ದೊಡ್ಡವನು, ಆಡಿದ ಆಟದಲ್ಲಿ ನಾಲ್ಕು ಪಟ್ಟು ದೊಡ್ಡವನು.

ಗರೊಪೊಲೊ ಆ ಸೀಸನ್‌ಗೆ ಉಳ್ಕೊಂಡಿದ್ದೇ ಅದೃಷ್ಟ. ಭುಜದ ಆಪರೇಷನ್ ಆಗಿದ್ರಿಂದ ಯಾರೂ ಕೊಳ್ಳೋಕೆ ಮುಂದೆ ಬರಲಿಲ್ಲ, ಆಗಸ್ಟ್ ಕೊನೇಲಿ ಸಂಬಳ ಇಳಿಸಿ ಇಟ್ಕೊಂಡ್ರು. ಲ್ಯಾನ್ಸ್ ಬಿದ್ದಾಗ ಅವನೇ ಆಸರೆ ಆದ. ಡಿಸೆಂಬರ್ 4, ಭಾನುವಾರ, ಲೆವೈಸ್‌ನಲ್ಲಿ ಎದುರಾಳಿ ಯಾರು ಅಂದ್ರೆ ಮಯಾಮಿ. ವಾಡಲ್, ಹಿಲ್, ಚಬ್ ಮೂರೂ ಜನ ನಮ್ಮ ಪಿಕ್‌ಗಳ ಬಲದಲ್ಲಿ ಕಟ್ಟಿದ ಟೀಮಿನವರು, ಕೋಚು ಶಾನಹಾನ್ ಹತ್ರಾನೇ ಕೆಲಸ ಮಾಡಿದ್ದ ಮೈಕ್ ಮೆಕ್‌ಡ್ಯಾನಿಯಲ್. ಸನ್ನಿವೇಲ್‌ನಲ್ಲಿ ಗೆಳೆಯನ ಮನೇಲಿ ಎಲ್ಲರೂ ಸೇರಿದ್ವಿ. ಮಯಾಮಿ ಮೊದಲನೇ ಆಟದಲ್ಲೇ 75 ಗಜದ ಟಚ್‌ಡೌನ್ ಹೊಡೀತು. ನಮ್ಮ ಸರದೀಲಿ ಗರೊಪೊಲೊ ಕಾಲು ಸಿಕ್ಕಾಕ್ಕೊಂಡು ಬಿದ್ದ, ಎದ್ದು ಹೊರಗೆ ಹೋದ, ವಾಪಸ್ ಬರಲಿಲ್ಲ. "ಇವನ್ಯಾರೋ ಮಗಾ 13 ನಂಬರು?" ಅಂತ ಪಕ್ಕದವನು ಕೇಳಿದ, ಅಡುಗೆಮನೆ ಕಡೆಯಿಂದ ಗೆಳೆಯನ ಅಪ್ಪ, ಮೈಸೂರಿಂದ ಬಂದಿದ್ರು, "ಹುಡುಗ ಗಾಬರಿ ಆಗಿಲ್ಲ ನೋಡ್ರೋ" ಅಂದ್ರು. ಆಟದ ನಿಯಮ ಅವರಿಗೆ ಅರ್ಧಂಬರ್ಧ ಗೊತ್ತಿದ್ದಿದ್ದು, ಆದ್ರೆ ಅವರು ನೋಡಿದ್ದು ಸರಿಯಾಗೇ ಇತ್ತು. ಬ್ಲಿಟ್ಜ್ (ಡಿಫೆನ್ಸ್‌ನವರು ಜಾಸ್ತಿ ಜನ ನುಗ್ಗೋದು) ಮೈಮೇಲೆ ಬರ್ತಿದ್ರೂ ಪರ್ಡಿ ಪಾದ ನಿಲ್ಲಿಸಿ, ಹೊಡೆತ ತಿಂದ್ಕೊಂಡೇ ಚೆಂಡು ಬಿಡ್ತಿದ್ದ. ಕೈಲ್ ಯೂಸ್‌ಚೆಕ್‌ಗೆ ಒಂದು ಟಚ್‌ಡೌನು, ಹಾಫ್‌ಟೈಮ್ ಮುಂಚೆ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿಗೆ ಇನ್ನೊಂದು, 33-17 ಗೆಲುವು.

ಆಮೇಲೆ ಟಾಮ್ ಬ್ರೇಡಿಯ ಟ್ಯಾಂಪಾ ಬೇ ವಿರುದ್ಧ 35-7, ಲೀಗ್ ಹಂತದಲ್ಲಿ ಸ್ಟಾರ್ಟ್ ಮಾಡಿದ ಐದಕ್ಕೆ ಐದೂ ಗೆಲುವು, ಪ್ಲೇಆಫ್‌ನಲ್ಲಿ ಸಿಯಾಟಲ್, ಡಲ್ಲಾಸ್. ಫಿಲಡೆಲ್ಫಿಯಾದಲ್ಲಿ ಎನ್‌ಎಫ್‌ಸಿ ಫೈನಲ್, ಈಗಲ್ಸ್‌ನ ಮೊದಲ ಟಚ್‌ಡೌನಿಗೆ ದಾರಿ ಮಾಡಿದ್ದು ಫೋರ್ತ್ ಡೌನ್‌ನಲ್ಲಿ ಡೆವಾಂಟಾ ಸ್ಮಿತ್ ಒಂಟಿ ಕೈಲಿ ಹಿಡಿದಿದ್ದು ಅಂತ ಕೊಟ್ಟ ಕ್ಯಾಚು, ಚೆಂಡು ನೆಲಕ್ಕೆ ತಾಗಿತ್ತು ಅಂತ ಆಮೇಲೆ ರೀಪ್ಲೇಲಿ ಕಾಣ್ತು. ಸ್ವಲ್ಪ ಹೊತ್ತಿಗೆ ಹಾಸನ್ ರೆಡಿಕ್ ಹೊಡೆತಕ್ಕೆ ಪರ್ಡಿ ಮೊಣಕೈ ಲಿಗಮೆಂಟ್ ಹರೀತು, ನಾಲ್ಕನೇ ಕ್ವಾರ್ಟರ್‌ಬ್ಯಾಕ್ ಜೋಶ್ ಜಾನ್ಸನ್ ತಲೆಗೆ ಪೆಟ್ಟು ಬಿತ್ತು, ಎಸೆಯೋಕೆ ಕೈ ಎತ್ತಲಾರದ ಪರ್ಡಿನೇ ಮತ್ತೆ ಬಂದು ನಿಂತ. 31-7 ಸೋಲು. ಮುಂದಿನ ವರ್ಷ ಲೀಗು ಎಮರ್ಜೆನ್ಸಿ ಮೂರನೇ ಕ್ವಾರ್ಟರ್‌ಬ್ಯಾಕ್ ನಿಯಮ ವಾಪಸ್ ತಂದಿದ್ದು ಈ ಮ್ಯಾಚ್ ಆದ್ಮೇಲೆ.

2023ರಲ್ಲಿ ಪರ್ಡಿ 4,280 ಗಜ, 31 ಟಚ್‌ಡೌನು, ಪಾಸರ್ ರೇಟಿಂಗ್ 113, ಇಡೀ ಲೀಗಲ್ಲೇ ಜಾಸ್ತಿ. ಸಂಬಳ 8.7 ಲಕ್ಷ ಡಾಲರ್. ಉಳಿದ ಒಳ್ಳೆ ಕ್ವಾರ್ಟರ್‌ಬ್ಯಾಕ್‌ಗಳು ವರ್ಷಕ್ಕೆ ನಾಲ್ಕೈದು ಕೋಟಿ ಡಾಲರ್ ತಗೊಳ್ತಿದ್ದ ಕಾಲ. ಆ ಉಳಿತಾಯದಲ್ಲೇ ಜಾವೊನ್ ಹಾರ್ಗ್ರೇವ್‌ಗೆ 8.4 ಕೋಟಿ, ಬೋಸಾಗೆ ಐದು ವರ್ಷಕ್ಕೆ 17 ಕೋಟಿ ಕೊಡೋಕಾಯ್ತು. ಲೆಕ್ಕ ಚುಕ್ತಾ ಅನ್ನೋರು ಇದನ್ನೇ ತೋರಿಸೋದು. ಸರಿ, ದುಡ್ಡು ಉಳೀತು, ಒಪ್ಪಣ. ಆದ್ರೆ ದುಡ್ಡು ಉಳಿದ್ರೆ ಸಾಲದು, ಅಗ್ಗದಲ್ಲಿ ಆಡೋ ಗಟ್ಟಿ ಹುಡುಗರು ಪ್ರತಿ ವರ್ಷ ಮೇಲಿನ ರೌಂಡಿಂದ ಬರ್ತಾ ಇರಬೇಕು, ಇಲ್ಲಾಂದ್ರೆ ಸ್ಟಾರ್‌ಗಳ ಮಧ್ಯೆ ತೂತು ಉಳಿಯುತ್ತೆ.

ಬಲಗಡೆ ತೂತು

2023ರ ಮಾರ್ಚ್‌ನಲ್ಲಿ ರೈಟ್ ಟ್ಯಾಕಲ್ ಮೈಕ್ ಮೆಗ್ಲಿಂಚಿ ಡೆನ್ವರ್‌ಗೆ ಹೋದ, ಐದು ವರ್ಷಕ್ಕೆ 8.75 ಕೋಟಿ. ಆ ಬೆಲೆಗೆ ಅವನನ್ನ ಬಿಟ್ಟಿದ್ದು ಸರಿ. ಅವನ ಜಾಗಕ್ಕೆ ಒಬ್ಬನನ್ನ ಡ್ರಾಫ್ಟ್ ಮಾಡ್ಬೇಕಿತ್ತು, ಮೇಲಿನ ಪಿಕ್ ಇರಲಿಲ್ಲ. ಐದನೇ ರೌಂಡಿನ ಕೋಲ್ಟನ್ ಮೆಕಿವಿಟ್ಸ್ ಟ್ಯಾಕಲ್ ಆದ, ಪಕ್ಕದ ಗಾರ್ಡ್ ಜಾಗದಲ್ಲಿ ನಾಲ್ಕನೇ ರೌಂಡಿನ ಸ್ಪೆನ್ಸರ್ ಬರ್ಫರ್ಡ್, ಆಮೇಲೆ ಹೊರಗಿಂದ ತಂದ ಜಾನ್ ಫೆಲಿಸಿಯಾನೋ. ಇವರು ಬೆವರು ಸುರಿಸಿ ಆಡಿದವರು, ಅವರ ಮೇಲೆ ನಂಗೆ ಕೋಪ ಇಲ್ಲ.

2024ರ ಫೆಬ್ರವರಿ 11, ಲಾಸ್ ವೇಗಸ್, ಮತ್ತೆ ಕ್ಯಾನ್ಸಸ್ ಸಿಟಿ, ಮತ್ತೆ ಮಹೋಮ್ಸ್. ನಾಲ್ಕನೇ ಕ್ವಾರ್ಟರ್‌ನಲ್ಲಿ ಟಚ್‌ಡೌನ್ ಹೊಡೆದು 16-13 ಆದ್ವಿ, ಎಕ್ಸ್‌ಟ್ರಾ ಪಾಯಿಂಟ್ ಒದೆಯೋಕೆ ಬಂದ ಜೇಕ್ ಮೂಡಿಯ ಒದೆತವನ್ನ ಲಿಯೋ ಶೆನಾಲ್ ಕೈ ಎತ್ತಿ ತಡೆದ. ಮೂಡಿ 2023ರ ನಮ್ಮ 99ನೇ ಪಿಕ್, ಇದ್ದ ಕೆಲವೇ ಒಳ್ಳೆ ಪಿಕ್‌ಗಳಲ್ಲಿ ಒಂದನ್ನ ಕಿಕ್ಕರ್‌ಗೆ ಹಾಕಿದ್ರು. ಅವ್ನು ಆವತ್ತು 55 ಗಜದ್ದು, 53 ಗಜದ್ದು ಎರಡು ಫೀಲ್ಡ್ ಗೋಲ್ ಹೊಡೆದಿದ್ದಾನೆ, ಹುಡುಗನ್ನ ದೂರಲ್ಲ. ಎರಡು ನಿಮಿಷ ಉಳಿದಿರುವಾಗ ಮೂರನೇ ಡೌನು, ಐದು ಗಜ ಬೇಕು, ಅದು ಸಿಕ್ಕಿದ್ರೆ ಟೈಮ್ ಪೂರ್ತಿ ನಮ್ಮ ಕೈಲಿ, ಮಹೋಮ್ಸ್‌ಗೆ ಹೆಚ್ಚೇನೂ ಉಳೀತಿರಲಿಲ್ಲ. ಬ್ಲಿಟ್ಜ್‌ನಲ್ಲಿ ನುಗ್ಗಿ ಬಂದು ಆ ಪಾಸನ್ನ ಕೆಡಿಸಿದವನು ಟ್ರೆಂಟ್ ಮೆಕ್‌ಡಫಿ. ನಮ್ಮ 29ನೇ ಪಿಕ್‌ನ ಮೆಟ್ಟಿಲು ಮಾಡ್ಕೊಂಡು ಅವರು ತಂದವನು.

ಮ್ಯಾಚ್ ಸಮ ಆಗಿ ಓವರ್‌ಟೈಮ್‌ಗೆ ಹೋಯ್ತು, ಮೊದಲ ಸರದಿ ನಮ್ದು. ಎಂಡ್ ಜೋನ್‌ಗೆ 9 ಗಜ, ಥರ್ಡ್ ಅಂಡ್ 4. ಫೆಲಿಸಿಯಾನೋ ಆಗಲೇ ಗಾಯ ಆಗಿ ಹೊರಗಿದ್ದ, ಬರ್ಫರ್ಡ್ ಒಳಗೆ. ಚೆಂಡು ಕೈಗೆ ಬರ್ತಿದ್ದ ಹಾಗೆ ಬಲಗಡೆ ಯಾರು ಯಾರನ್ನ ಹಿಡಿಬೇಕು ಅನ್ನೋದ್ರಲ್ಲಿ ಗೊಂದಲ ಆಗಿ, ಲೀಗಿನ ಅತಿ ದೊಡ್ಡ ಡಿಫೆನ್ಸಿವ್ ಟ್ಯಾಕಲ್‌ಗಳಲ್ಲಿ ಒಬ್ಬನಾದ ಕ್ರಿಸ್ ಜೋನ್ಸ್‌ನ ಯಾರೂ ಮುಟ್ಟಲೇ ಇಲ್ಲ. ಪರ್ಡಿ ಎದುರು ಸೀದಾ ಬಂದ. ಜಾವನ್ ಜೆನಿಂಗ್ಸ್ ಎಂಡ್ ಜೋನ್‌ನಲ್ಲಿ ಬಿಡುವಾಗಿದ್ದ, ಪರ್ಡಿ ಹಿಂದೆ ವಾಲ್ಕೊಂಡೇ ಎಸೀಬೇಕಾಯ್ತು, ಚೆಂಡು ದೂರ ಹೋಯ್ತು. ಟಚ್‌ಡೌನಿನ ಏಳು ಪಾಯಿಂಟ್ ಬರಬೇಕಾದ ಜಾಗದಲ್ಲಿ ಫೀಲ್ಡ್ ಗೋಲಿನ ಮೂರು. ಮಹೋಮ್ಸ್ ಬಂದು ಮೆಕೋಲ್ ಹಾರ್ಡ್‌ಮನ್‌ಗೆ ಟಚ್‌ಡೌನ್ ಹಾಕಿ ಮುಗಿಸಿದ, 25-22. ಆ ರಾತ್ರಿ ಎಲ್ಲರೂ ಓವರ್‌ಟೈಮ್ ಟಾಸ್ ಗೆದ್ದು ಮೊದಲು ಚೆಂಡು ತಗೊಂಡಿದ್ದು ತಪ್ಪಾ ಅಂತ ಜಗಳ ಆಡ್ತಿದ್ರು, ನಂಗೆ ಮಾತ್ರ ಆ ಬಲಗಡೆ ಗಾರ್ಡ್ ಜಾಗ ಕಣ್ಣಿಂದ ಹೋಗಲಿಲ್ಲ.

ಒಬ್ಬ ಫಸ್ಟ್ ರೌಂಡ್ ಗಾರ್ಡ್ ಇದ್ದಿದ್ರೆ ಗೆದ್ದೇ ಗೆಲ್ತಿದ್ವಿ ಅಂತ ಆಣೆ ಮಾಡೋಕಾಗಲ್ಲ, ಗೊಂದಲ ಅವನಿಗೂ ಆಗಬಹುದಿತ್ತು. ಆದ್ರೆ ಟೀಮ್ ಕಟ್ಟೋದು ಅಂದ್ರೆ ಅಂಥಾ ಒಂದು ಕ್ಷಣದಲ್ಲಿ ದುರ್ಬಲ ಕೊಂಡಿ ಎಷ್ಟು ದುರ್ಬಲ ಅನ್ನೋದನ್ನ ಕಮ್ಮಿ ಮಾಡೋ ಕೆಲಸ. ಎರಡು ವರ್ಷ ಮೇಲಿನ ಪಿಕ್ ಇಲ್ಲದೆ ಅದನ್ನ ಮಾಡೋಕಾಗಲಿಲ್ಲ.

ನನ್ನ ಪ್ರಕಾರ 2021ರಲ್ಲಿ ಎರಡು ದಾರಿ ಇತ್ತು. ರ‍್ಯಾಮ್ಸ್‌ಗಿಂತ ಜಾಸ್ತಿ ಕೊಟ್ಟು ಸ್ಟಾಫರ್ಡ್‌ನ ತರೋದು, ಅಥವಾ 12ರಲ್ಲೇ ಕೂತು ಪಾರ್ಸನ್ಸ್ ಥರದವನನ್ನ ತಗೊಂಡು, ಗರೊಪೊಲೊ ಜೊತೆ ಇನ್ನೊಂದು ವರ್ಷ ನಡೆಸಿ, ಪ್ರತಿ ವರ್ಷ ಕೆಳಗಿನ ರೌಂಡಲ್ಲಿ ಒಬ್ಬ ಜಾಸ್ತಿ ಮ್ಯಾಚ್ ಆಡಿದ ಕ್ವಾರ್ಟರ್‌ಬ್ಯಾಕ್‌ನ ತಂದು ಶಾನಹಾನ್ ಕೈಗೆ ಕೊಡೋದು. ಈ ಕೋಚ್‌ನ ಆಟದಲ್ಲಿ ಚೆಂಡು ಬೇಗ ಬಿಡೋ, ಓದಿಕೊಂಡ ಹುಡುಗ ಸಾಕು, ಪರ್ಡಿ ಅದಕ್ಕೆ ಸಾಕ್ಷಿ. ಲ್ಯಾನ್ಸ್‌ಗೂ ಅದರಿಂದ ಒಳ್ಳೇದೇ ಆಗ್ತಿತ್ತು, ಸೋತ್ರೂ ಪರವಾಗಿಲ್ಲ ಅನ್ನೋ ಯಾವುದೋ ಟೀಮಲ್ಲಿ ವಾರ ವಾರ ಆಡಿ ಬೆಳೀತಿದ್ದ. ಡಲ್ಲಾಸ್‌ನಲ್ಲೂ ಬೆಂಚು, 2025ರಲ್ಲಿ ಚಾರ್ಜರ್ಸ್‌ನಲ್ಲಿ ಜಸ್ಟಿನ್ ಹರ್ಬರ್ಟ್ ಹಿಂದೆ. ಅವನಿಗಾಗಿ ನಿಜವಾಗ್ಲೂ ಬೇಜಾರಾಗುತ್ತೆ.

ಪರ್ಡಿಯ ಅಗ್ಗದ ಕಿಟಕಿ ಮುಚ್ಚಿದೆ. ಡ್ರಾಫ್ಟ್ ಆದವನ ಕಾಂಟ್ರಾಕ್ಟ್‌ನ ಮೂರು ಸೀಸನ್ ಮುಗಿಯೋವರೆಗೆ ಬದಲಾಯಿಸೋ ಹಾಗಿಲ್ಲ, 2024ರ 6-11 ಸೀಸನ್ ಮುಗಿದ್ಮೇಲೆ 2025ರ ಮೇನಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಸಹಿ ಆಯ್ತು, ವರ್ಷಕ್ಕೆ 5.3 ಕೋಟಿ. ಕೊಡಬೇಕಾದ್ದೇ, ಅವನು ದುಡಿದಿದ್ದಾನೆ. ಆದ್ರೆ ಆ ವಸಂತದಲ್ಲೇ ಡೀಬೋ ವಾಷಿಂಗ್ಟನ್‌ಗೆ, ಹುಫಂಗಾ ಗ್ರೀನ್‌ಲಾ ಇಬ್ಬರೂ ಡೆನ್ವರ್‌ಗೆ, ಹಾರ್ಗ್ರೇವ್ ಹೊರಗೆ, ಗಾರ್ಡ್ ಏರನ್ ಬ್ಯಾಂಕ್ಸ್ ಗ್ರೀನ್ ಬೇಗೆ. ಬ್ಯಾಕಪ್ ಆಗಿ ಬಂದವನು ಮ್ಯಾಕ್ ಜೋನ್ಸ್, ಪರ್ಡಿ ಮೊದಲ ಮ್ಯಾಚಲ್ಲೇ ಕಾಲ್ಬೆರಳು ನೋಯಿಸ್ಕೊಂಡಾಗ ಎರಡನೇ ಮ್ಯಾಚಿಂದ ಆಡಿದ್ದೂ ಅವನೇ.

ಈಗ ನಂಗಿರೋದು ಒಂದೇ ಒತ್ತಾಯ. 2018ರಲ್ಲಿ ಮೆಗ್ಲಿಂಚಿನ ತಗೊಂಡ್ಮೇಲೆ 2025ರ ಡ್ರಾಫ್ಟ್‌ವರೆಗೆ ಈ ಟೀಮು ಒಬ್ಬನೇ ಒಬ್ಬ ಆಫೆನ್ಸಿವ್ ಲೈನ್‌ಮನ್‌ನ ಫಸ್ಟ್ ರೌಂಡಲ್ಲಿ ತಗೊಂಡಿಲ್ಲ. 2024ರ ಮೂರನೇ ರೌಂಡಲ್ಲಿ ಡಾಮಿನಿಕ್ ಪುನಿನ ತಂದು ಬಲಗಡೆ ಗಾರ್ಡ್ ಜಾಗ ಒಂದು ಸರಿ ಮಾಡ್ಕೊಂಡ್ರು, ಚೆನ್ನಾಗಿ ಆಡ್ತಿದ್ದಾನೆ. ಟ್ರೆಂಟ್ ವಿಲಿಯಮ್ಸ್ ಹುಟ್ಟಿದ್ದು 1988ರಲ್ಲಿ. ವರ್ಷಕ್ಕೆ 5.3 ಕೋಟಿ ಕೊಡೋ ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನ ಕಡೆ ಕಾಯೋ ಲೆಫ್ಟ್ ಟ್ಯಾಕಲ್‌ಗೆ ಅಂತ ಒಂದು ಫಸ್ಟ್ ರೌಂಡ್ ಪಿಕ್ ಎತ್ತಿಡಿ, ಅದನ್ನ ಯಾರಿಗೂ ಟ್ರೇಡ್ ಮಾಡಬೇಡಿ.